ಅಂಕ ಕಡಿಮೆಯಾದರೆ ನರ್ಸ್ ತಪ್ಪೇ?

ಮನೋವೈದ್ಯಕೀಯ ವಾರ್ಡಿನ ನರ್ಸುಗಳ ಕೆಲಸದ ಹುರುಪನ್ನು ವರ್ಷಕ್ಕೊಮ್ಮೆ ಪ್ರಶ್ನಾವಳಿಯಿಂದ ಅಳೆದು, ಅಂಕ ಕಡಿಮೆ ಬಂದವರನ್ನು ‘ಪ್ರೇರಣಾ ತರಬೇತಿ’ಗೆ ಕಳಿಸಬೇಕೆಂಬ ಲೇಖನ ಓದಿದೆ. ಹದಿನಾರು ವರ್ಷ ಇದೇ ವಾರ್ಡಿನಲ್ಲಿ ಸವೆದವಳಿಗೆ ನಗು ಬಂತು.

ಅಮೆರಿಕದ ಮನೋವಿಜ್ಞಾನಿ ಹರ್ಜ್‌ಬರ್ಗ್ 1959ರಲ್ಲಿ ಪ್ರಕಟಿಸಿದ, ಕೆಲಸದ ಹುರುಪು ಎಲ್ಲಿಂದ ಬರುತ್ತದೆ ಎಂಬ ಸಿದ್ಧಾಂತವೇ ಲೇಖಕರಿಗೆ ಆಧಾರ. ಅದು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರುಗಳು, ಲೆಕ್ಕಿಗರ ಮಾತು ಕೇಳಿ ಕಟ್ಟಿದ್ದು. ಸಾಧನೆ, ಮೆಚ್ಚುಗೆ ಹುರುಪು ತರುತ್ತವೆ ಎಂದಿತು, ಸರಿ. ನಮ್ಮಲ್ಲಿ ಮೆಚ್ಚುಗೆ ಹೇಗಿರುತ್ತದೆ ಗೊತ್ತೆ? ಅನ್ನವನ್ನೇ ಮುಟ್ಟದೆ ಗೋಡೆ ನೋಡುತ್ತ ಕೂತಿದ್ದ ಹುಡುಗಿಗೆ ತುತ್ತು ತುತ್ತಾಗಿ ಉಣಿಸಿ, ಗುಣವಾದ ಮೇಲೆ ಮನೆಗೆ ಕಳಿಸಿದ್ದೆವು. ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕಳು. ಜೊತೆಗೆ ಅತ್ತೆ ಇದ್ದರು. ನನ್ನನ್ನು ಕಂಡದ್ದೇ ಬದನೆಕಾಯಿ ಆರಿಸತೊಡಗಿದಳು. ನಾನೂ ಮುಖ ತಿರುಗಿಸಿದೆ. ಅವಳ ಸಂಸಾರಕ್ಕೆ ಅದೇ ಕ್ಷೇಮ. ‘ನನ್ನ ಕೆಲಸವನ್ನು ಜನ ಗುರುತಿಸುತ್ತಾರೆ’ ಎಂಬ ಸಾಲಿಗೆ ಐದರಲ್ಲಿ ಎಷ್ಟು ಹಾಕಲಿ?

ಅಲ್ಲದೆ, ಹೆಸರು ಬರೆದು ಮೇಲಿನವರ ಕೈಗೇ ಕೊಡುವ ಹಾಳೆಯಲ್ಲಿ ಯಾರು ನಿಜ ಬರೆದಾರು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಕಟ್ಟಿಹಾಕುವುದಕ್ಕೆ ಕಡಿವಾಣ ಹಾಕಿದೆ. ಒಳ್ಳೆಯದೇ ಆಯಿತು. ಆದರೆ ಕಟ್ಟುವ ಬದಲು ಕೂತು ಮಾತಾಡಲು ಜನ ಬೇಕಲ್ಲ! ರಾತ್ರಿ ಪಾಳಿಗೆ ಇಬ್ಬರನ್ನು ಬಿಟ್ಟು, ಬೆಳಿಗ್ಗೆ ಅವರ ಹುರುಪು ಅಳೆಯುತ್ತೀರಾ?

ಅಳೆಯಲೇಬೇಕೆಂದರೆ ಪಾಳಿ ಪಟ್ಟಿ, ಬಾಕಿ ಉಳಿದ ವಾರದ ರಜೆ, ಪೆಟ್ಟು ತಿಂದ ನರ್ಸುಗಳ ದಾಖಲೆ ತೆಗೆಸಿ ನೋಡಿ. ಪ್ರಶ್ನಾವಳಿ ಆಮೇಲೆ ಕಳಿಸಿ, ತುಂಬಿಕೊಡುತ್ತೇವೆ.