ಪರ್ವತದ ಚಿತ್ರವೂ ವಿಶಾಲಕೋನ ಮಸೂರವೂ

ಪರ್ವತವು ದೊಡ್ಡದು, ಆದುದರಿಂದ ಅದರ ಛಾಯಾಚಿತ್ರಕ್ಕೆ ವಿಶಾಲಕೋನ ಮಸೂರವೇ ತಕ್ಕುದೆಂಬ ನಂಬಿಕೆ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈಗ ಅನೇಕ ಮೊಬೈಲುಗಳಲ್ಲಿಯೂ ಇಂಥ ಮಸೂರವಿರುವುದರಿಂದ ಆ ನಂಬಿಕೆ ಇನ್ನಷ್ಟು ಹರಡಿದೆ. ಆದರೆ ತೆಗೆದ ಚಿತ್ರದಲ್ಲಿ ಕಾಣುವುದೇನು? ಬಹುಪಾಲು ಆಕಾಶ, ಕಣ್ಣಿಗೆ ಭವ್ಯವಾಗಿ ತೋರಿದ ಶಿಖರವು ಹುತ್ತದಷ್ಟಾಗಿ ಅದರ ಕೆಳಗೆ ಕುಗ್ಗಿರುತ್ತದೆ.

ಇದಕ್ಕೆ ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ದೂರದ ವಸ್ತುವಿನ ಬಿಂಬದ ಗಾತ್ರವು ಎರಡನ್ನು ಅವಲಂಬಿಸಿದೆ: ವಸ್ತುವು ನಾವು ನಿಂತೆಡೆಯಲ್ಲಿ ಮಾಡುವ ಕೋನ ಮತ್ತು ಮಸೂರದ ನಾಭಿದೂರ. ಕಾಂಚನಜುಂಗಾ ಶಿಖರದ ಎತ್ತರ 8,586 ಮೀಟರ್. ಡಾರ್ಜಿಲಿಂಗ್ ಪಟ್ಟಣವು 2,000 ಮೀಟರಿಗಿಂತ ತುಸು ಎತ್ತರದಲ್ಲಿದ್ದು, ಶಿಖರದಿಂದ ಸುಮಾರು 74 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ನೋಡುವವನ ಕಣ್ಣಿನ ಮಟ್ಟಕ್ಕಿಂತ ಶಿಖರವು ಏಳುವ ಕೋನ 5 ಡಿಗ್ರಿಗೂ ಕಡಿಮೆ. ಕ್ಯಾಮೆರಾದ ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರವಿರಲಿ. 24 ಮಿಲಿಮೀಟರ್ ಮಸೂರದಲ್ಲಿ ಬಿಂಬದ ಎತ್ತರ ಸುಮಾರು 2 ಮಿಲಿಮೀಟರ್ ಮಾತ್ರ, ಎಂದರೆ ಚೌಕಟ್ಟಿನ ಹನ್ನೆರಡರಲ್ಲೊಂದು ಪಾಲು. 200 ಮಿಲಿಮೀಟರ್ ಮಸೂರದಲ್ಲಾದರೋ ಅದೇ ಶಿಖರವು ಚೌಕಟ್ಟಿನ ಮೂರರಲ್ಲೆರಡು ಪಾಲನ್ನು ತುಂಬುತ್ತದೆ.

ಹಾಗಾದರೆ ವಿಶಾಲಕೋನ ಮಸೂರವು ನಿರುಪಯೋಗಿಯೇ? ಖಂಡಿತ ಅಲ್ಲ. ಅದರ ನಿಜವಾದ ಬಲವಿರುವುದು ಹತ್ತಿರದ ವಸ್ತುವಿನಲ್ಲಿ. ಒಂದು ಬಂಡೆಯಿಂದ 2 ಮೀಟರ್ ದೂರದಲ್ಲಿದ್ದವನು 1 ಮೀಟರಿಗೆ ಸರಿದರೆ ಬಂಡೆಯ ಬಿಂಬ ಇಮ್ಮಡಿಯಾಗುತ್ತದೆ; 10 ಕಿಲೋಮೀಟರ್ ಆಚೆಯ ಬೆಟ್ಟ ಇದ್ದಂತೆಯೇ ಇರುತ್ತದೆ. ಹೀಗೆ ಬಂಡೆ, ತೊರೆ, ಹೂಗಿಡಗಳಿಂದ ಬೆಟ್ಟದವರೆಗಿನ ಆಳವನ್ನು ಒಂದೇ ಚಿತ್ರದಲ್ಲಿ ತೋರಿಸಬಹುದು. ಪರ್ವತದ ಬುಡದಲ್ಲಿಯೇ ನಿಂತಾಗಲಂತೂ ಇಂಥ ಮಸೂರ ಬೇಕೇ ಬೇಕು. ಆದರೆ ಚೌಕಟ್ಟಿನ ಅಂಚಿನಲ್ಲಿ ಆಕಾರಗಳು ಹಿಗ್ಗುತ್ತವೆ, ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದರೆ ನೆಟ್ಟಗಿರುವ ಮರಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ ಎಂಬುದನ್ನು ಮರೆಯಬಾರದು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದುಂಟು. ಹತ್ತಿರದ ಮತ್ತು ದೂರದ ವಸ್ತುಗಳ ಗಾತ್ರದ ಅನುಪಾತವನ್ನು ನಿರ್ಧರಿಸುವುದು ನಾವು ನಿಂತ ಸ್ಥಳ. ಆ ನೋಟದ ಎಷ್ಟು ಭಾಗ ಚಿತ್ರದಲ್ಲಿರಬೇಕೆಂಬುದನ್ನಷ್ಟೇ ಮಸೂರ ನಿರ್ಧರಿಸುತ್ತದೆ. ಇದು ಬರಿಯ ಅಂದಚೆಂದದ ಮಾತಲ್ಲ. ಇಟಲಿಯ ವಿಟ್ಟೋರಿಯೋ ಸೆಲ್ಲಾ ಎಂಬಾತನು 1899ರಲ್ಲಿ ಕಾಂಚನಜುಂಗಾದ ಸುತ್ತಲೂ, 1909ರಲ್ಲಿ ಕೆ-2 ಶಿಖರದ ಪ್ರದೇಶದಲ್ಲಿಯೂ ಚಿತ್ರಗಳನ್ನು ತೆಗೆದನು. ಇಂಥ ಹಳೆಯ ಚಿತ್ರಗಳೊಡನೆ ಹೊಸವನ್ನು ಹೋಲಿಸಿ ಹಿಮನದಿಗಳು ಎಷ್ಟು ಕರಗಿವೆಯೆಂದು ವಿಜ್ಞಾನಿಗಳು ಕಂಡುಕೊಳ್ಳುತ್ತಾರೆ. ಮಸೂರ ಬೇರೆಯಾದರೆ ಬಿಂಬವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಸರಿದೂಗಿಸಬಹುದು. ನಿಂತ ಸ್ಥಳ ತಪ್ಪಿದರೆ ಹೋಲಿಕೆಯೇ ಕೆಡುತ್ತದೆ.

ಆದುದರಿಂದ ಬೆಟ್ಟವನ್ನು ಏರಿದ ವಿದ್ಯಾರ್ಥಿಯು ಮೊದಲು ನಿಲ್ಲುವ ಸ್ಥಳವನ್ನು ಆರಿಸಲಿ, ಬಳಿಕ ಮಸೂರವನ್ನು. ಎಲ್ಲಿ ನಿಂತು ತೆಗೆದನೆಂಬುದನ್ನೂ ದಿನಾಂಕವನ್ನೂ ಚಿತ್ರದೊಡನೆ ಬರೆದಿಡಲಿ. ಐವತ್ತು ವರ್ಷಗಳ ಅನಂತರ ಆ ಬೆಟ್ಟದ ಕಥೆಯನ್ನು ತಿಳಿಯಬಯಸುವವರಿಗೆ ಅದು ಸಾಕ್ಷ್ಯವಾದೀತು.