ಮಡಿಕೇರಿಗೆ ಹೋದವರು ಸನ್ನಿಸೈಡ್ ನೋಡಿ ಬನ್ನಿ

ಮಕ್ಕಳಿಗೆ ರಜೆ ಸಿಕ್ಕಿದರೆ ನಮ್ಮವರ ಕಾರು ಸಂಪಾಜೆ ಘಾಟಿ ಹತ್ತುತ್ತದೆ. ರಾಜಾಸೀಟು, ಅಬ್ಬಿ ಜಲಪಾತ, ಎಲ್ಲಾದರೂ ಒಂದು ಬಿರಿಯಾನಿ, ರಾತ್ರಿಗೆ ವಾಪಸ್. ಕಳೆದ ಸಲ ನಾನು ಸನ್ನಿಸೈಡ್‌ಗೂ ಹೋದೆ. ಅದು ಜನರಲ್ ತಿಮ್ಮಯ್ಯನವರ ಮನೆ. ಬಹಳ ಕಾಲ ಅಲ್ಲಿ ಆರ್‌ಟಿಒ ಕಚೇರಿ ಇತ್ತು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು.

ಮಡಿಕೇರಿಯಲ್ಲಿ ವೃತ್ತಕ್ಕೊಬ್ಬ ಸೈನಿಕ. ಕಾರ್ಯಪ್ಪ, ತಿಮ್ಮಯ್ಯ, 1965ರಲ್ಲಿ ಸರ್ಗೋಧಾ ದಾಳಿಯಲ್ಲಿ ಮಡಿದ ಸ್ಕ್ವಾಡ್ರನ್ ಲೀಡರ್ ದೇವಯ್ಯ. ದೇವಯ್ಯನವರಿಗೆ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷ ತಡವಾಗಿ. 2023ರಲ್ಲಿ ಬಸ್ಸು ಬಡಿದು ತಿಮ್ಮಯ್ಯನವರ ಪ್ರತಿಮೆ ಉರುಳಿತು. ಸರಿಪಡಿಸಿ ಮತ್ತೆ ನಿಲ್ಲಿಸಿದರು. ಆದರೆ ಆ ಊರಿನ ಬಲ ಪ್ರತಿಮೆಯಲ್ಲಿಲ್ಲ. ಯಾವ ಭರ್ತಿ ಯಾವಾಗ, ಎಷ್ಟು ಓಡಬೇಕು ಎಂದು ಹುಡುಗನಿಗೆ ಹೇಳಲು ಪಕ್ಕದ ಮನೆಯಲ್ಲೇ ಒಬ್ಬ ನಿವೃತ್ತ ಸುಬೇದಾರ್ ಇರುತ್ತಾರೆ.

1948ರಲ್ಲಿ ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದರು. ಅದೇ ಯುದ್ಧದಲ್ಲಿ, ನೌಶೇರಾವನ್ನು ಉಳಿಸಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಜುಲೈ 3ರಂದು ಝಂಗರ್‌ನಲ್ಲಿ ಶೆಲ್ ಬಿದ್ದು ಶಹೀದರಾದರು. ನಮ್ಮ ಎಷ್ಟು ಮನೆಯ ಮಕ್ಕಳಿಗೆ ಈ ಹೆಸರು ಗೊತ್ತು? ಯಾರಾದರೂ ನಮ್ಮ ದೇಶಪ್ರೇಮವನ್ನು ಪ್ರಶ್ನಿಸಿದಾಗ ಮಾತ್ರ ವಾಟ್ಸಾಪ್‌ನಲ್ಲಿ ಉಸ್ಮಾನ್, ಅಬ್ದುಲ್ ಹಮೀದ್ ಎಂದು ಫೋಟೊ ಹಾಕುತ್ತೇವೆ. ಅವರು ನಮ್ಮ ಸರ್ಟಿಫಿಕೇಟ್ ಅಲ್ಲ. ಹಾಗೆ ಬಳಸುವುದು ನನಗೆ ಇಷ್ಟವಿಲ್ಲ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ವರ್ಷ ಉಪ್ಪನ ಅಂಗಡಿಗೆ ಬಂದ ಕಾಕಂದಿರೆಲ್ಲ ಮಾತಾಡಿದ್ದು ವೀಸಾ ಬಗ್ಗೆ. ಜುಬೈಲ್‌ನಲ್ಲಿ ಯಾವ ಕಂಪನಿ, ಕ್ಯಾಂಪ್‌ನಲ್ಲಿ ಊಟ ಹೇಗೆ, ಎಲ್ಲ ಗೊತ್ತಿತ್ತು. ಕೋಸ್ಟ್ ಗಾರ್ಡ್‌ನಲ್ಲಿ ಯಾಂತ್ರಿಕ್ ಎಂಬ ಹುದ್ದೆ ಇದೆ, ಅದಕ್ಕೆ ಇದೇ ಡಿಪ್ಲೊಮಾ ಸಾಕು, ಹಡಗಿನ ಎಂಜಿನ್ ಕೆಲಸ ಎಂದು ಒಬ್ಬರೂ ಹೇಳಲಿಲ್ಲ. ಪಣಂಬೂರಿನಲ್ಲೇ ಅವರ ಜಿಲ್ಲಾ ಕೇಂದ್ರ ಇದೆ, ನೋಡಿ! ಸಾಮಾನ್ಯ ವಯೋಮಿತಿ 22. ನನಗೆ ತಿಳಿಯುವಾಗ ಅದು ದಾಟಿ ಹೋಗಿತ್ತು. ಯಾರನ್ನೂ ದೂರುತ್ತಿಲ್ಲ, ಅವರಿಗೂ ಹೇಳಿದವರಿರಲಿಲ್ಲ.

ಜಮಾಅತ್‌ಗಳು ಎಸೆಸೆಲ್ಸಿ ಮಕ್ಕಳಿಗೆ ಮಾರ್ಗದರ್ಶನ ಶಿಬಿರ ಮಾಡುತ್ತವೆ. ಡಾಕ್ಟರು, ಸಿಎ ಬಂದು ಮಾತಾಡುತ್ತಾರೆ. ಮುಂದಿನ ಶಿಬಿರಕ್ಕೆ ಒಬ್ಬ ನಿವೃತ್ತ ಸೈನಿಕರನ್ನೂ ಕರೆಯಿರಿ. ಯಾವ ಜಾತಿಯವರಾದರೂ ಸರಿ, ಭಾಷಣ ಬೇಡ. ಅರ್ಜಿ ಹಾಕುವುದು ಹೇಗೆ ಎಂದು ತಿಳಿಸಿದರೆ ಸಾಕು. ಭಯ ಇದ್ದೇ ಇದೆ, ಸುಳ್ಳು ಹೇಳಬಾರದು. ಆದರೆ ಮಗನನ್ನು ಎರಡು ವರ್ಷಕ್ಕೊಮ್ಮೆ ನೋಡುವ ಸಂಕಟ ನಮ್ಮ ಉಮ್ಮಂದಿರಿಗೆ ಹೊಸತೇನಲ್ಲ.

ಅಕ್ಕನ ಮಗ ಈಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಅರ್ಜಿ ಹಾಕು ಅಂದೆ. "ಉಮ್ಮ ಬಿಡಬೇಕಲ್ಲ ಮಾಮ" ಅಂದ. ಈ ಶುಕ್ರವಾರ ಜುಮಾ ಮುಗಿಸಿ ಅಕ್ಕನ ಮನೆಗೆ ಹೋಗುವವನಿದ್ದೇನೆ.