ಬರಗಾಲದಲ್ಲಿ ಹಿತ್ತಲೇಕೆ ಎನ್ನುವವರಿಗೆ

ಹೋದ ತಿಂಗಳು ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿರುವವನು, ಹಿತ್ತಲಿನ ಸೀಬೆ ಮರದ ಕೆಳಗೆ ನಿಂತು ಹಣ್ಣು ಕಚ್ಚುತ್ತಲೇ ನನಗೆ ಬುದ್ಧಿ ಹೇಳಿದ. "ಮೇಷ್ಟ್ರೇ, 2024ರ ಬೇಸಿಗೆಯಲ್ಲಿ ನಾವು ಅಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದಾಗ ನೀವು ಇಲ್ಲಿ ಬದನೆ ಗಿಡಕ್ಕೆ ನೀರು ಹಾಕ್ತಿದ್ರಂತೆ. ತಪ್ಪಲ್ವಾ? ತೋಟಕ್ಕೆ ನೀರು ಹಾಕಿದ್ರೆ ಐದು ಸಾವಿರ ದಂಡ ಅಂತ ನಮ್ಮಲ್ಲಿ ಆಜ್ಞೆಯೇ ಆಗಿತ್ತು" ಎಂದ. ಜೊತೆಯಲ್ಲಿದ್ದ ನನ್ನ ಮಗನೂ ದನಿಗೂಡಿಸಿದ. ಅವನ ಲೆಕ್ಕ ಬೇರೆ. ಹಿತ್ತಲಿಗೆ ಕಾಂಕ್ರೀಟು ಸುರಿದು ಮೇಲೆ ಟೈಲ್ಸು ಹಾಸಿದರೆ ಅವನು ತುಮಕೂರಿನಿಂದ ಬಂದಾಗ ಕಾರು ನಿಲ್ಲಿಸಬಹುದು, ತರಗೆಲೆ ಗುಡಿಸುವ ಕೆಲಸ ತಪ್ಪುತ್ತದೆ, ಅಪ್ಪನ ಮಂಡಿನೋವಿಗೂ ಒಳ್ಳೆಯದು. ಟೈಲ್ಸಿನವನು ಬಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದಾನೆ. ಊಟದ ಹೊತ್ತಿನಲ್ಲಿ ವಾದ ಬೇಡವೆಂದು ಆ ದಿನ ಸುಮ್ಮನಿದ್ದೆ. ಇದನ್ನು ಓದುವ ನಿಮ್ಮಲ್ಲಿ ಹಲವರ ಅಭಿಪ್ರಾಯವೂ ಅದೇ ಎಂಬುದನ್ನು ನಾನು ಬಲ್ಲೆನಾದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಆಜ್ಞೆಯ ವಿಷಯ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯುವುದಕ್ಕೂ ಕೈತೋಟಕ್ಕೂ ಕಟ್ಟಡ ನಿರ್ಮಾಣಕ್ಕೂ ಕಾರಂಜಿಗಳಿಗೂ ಕುಡಿಯುವ ನೀರನ್ನು ಬಳಸಕೂಡದೆಂದು ಆಜ್ಞಾಪಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ಗೊತ್ತುಮಾಡಿತು. ನನ್ನ ಶಿಷ್ಯನು ಈ ವಾಕ್ಯದಲ್ಲಿ 'ಕುಡಿಯುವ' ಎಂಬ ವಿಶೇಷಣವನ್ನು ನುಂಗಿ 'ನೀರು' ಎಂಬ ವಿಶೇಷ್ಯವನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಏಳನೆಯ ತರಗತಿಯಲ್ಲಿ ಅವನಿಗೆ ಆ ಪಾಠ ಹೇಳಿದವನು ನಾನೇ ಆದ್ದರಿಂದ ಅರ್ಧ ತಪ್ಪು ನನ್ನ ಲೆಕ್ಕಕ್ಕೇ ಸೇರಲಿ. ಆಜ್ಞೆಯಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪು ಮಾಡಿ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿಸಿ ತಂದ ಕಾವೇರಿ ನೀರನ್ನು ಹುಲ್ಲುಹಾಸಿನ ಮೇಲೆ ಪೈಪಿನಿಂದ ಚಿಮ್ಮಿಸುವವನಿಗೆ ಐದು ಸಾವಿರ ಕಡಿಮೆಯೇ ಆಯಿತು. ಬೇಸಿಗೆಯಲ್ಲಿ ಒಂದು ಚದರ ಮೀಟರು ಹುಲ್ಲುಹಾಸು ದಿನಕ್ಕೆ ನಾಲ್ಕೈದು ಲೀಟರು ಕುಡಿಯುತ್ತದೆ, ಪ್ರತಿಯಾಗಿ ಒಂದು ಹಿಡಿ ಸೊಪ್ಪನ್ನೂ ಕೊಡುವುದಿಲ್ಲ.

ಆದರೆ ಹಿತ್ತಲೆಂದರೆ ಹುಲ್ಲುಹಾಸಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಹಿತ್ತಲು ಬಚ್ಚಲಿನ ಮುಂದುವರಿದ ಭಾಗವಾಗಿತ್ತು. ಬಚ್ಚಲ ಕಲ್ಲಿನಿಂದ ಇಳಿದ ನೀರು ಗೋಡೆಯ ತೂತಿನಲ್ಲಿ ಹಾಯ್ದು ನೇರವಾಗಿ ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹೋಗುತ್ತಿತ್ತು. ಈ ಕೆಲಸಕ್ಕೆಂದು ಯಾರೂ ಬೇರೆ ನೀರು ಸೇದುತ್ತಿರಲಿಲ್ಲ. ಒಮ್ಮೆ ಮನುಷ್ಯನಿಗೆ ದುಡಿದ ನೀರು ಎರಡನೆಯ ಸಲ ಗಿಡಕ್ಕೆ ದುಡಿಯುತ್ತಿತ್ತು.

1965ರ ಬರದ ವರ್ಷ ನಾನಿನ್ನೂ ವಿದ್ಯಾರ್ಥಿ. ನಮ್ಮ ಬಾವಿ ತಳ ಕಂಡಿತ್ತು. ಅಮ್ಮ ಒಂದು ಮೈಲಿ ದೂರದ ಸಿಹಿನೀರ ಬಾವಿಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ತರುತ್ತಿದ್ದಳು. ಆ ನೀರಿನಲ್ಲಿ ಒಂದು ತೊಟ್ಟನ್ನೂ ಅವಳು ಗಿಡಕ್ಕೆ ಸುರಿದವಳಲ್ಲ. ಆದರೆ ನಮಗೆ ಬಚ್ಚಲಿನಲ್ಲಿ ಸ್ನಾನ ನಿಷಿದ್ಧವಾಯಿತು. ಹಿತ್ತಲಿನಲ್ಲಿ ಒಂದು ಚಪ್ಪಡಿ ಕಲ್ಲಿತ್ತು, ಇಬ್ಬರು ಹಿಡಿದರೆ ಎತ್ತಬಹುದಾದಷ್ಟು ತೂಕ. ಅದು ಸೋಮವಾರ ಸೀಬೆಯ ಬುಡದಲ್ಲಿ, ಮಂಗಳವಾರ ತೆಂಗಿನ ಪಾತಿಯಲ್ಲಿ, ಬುಧವಾರ ನಿಂಬೆಯ ಬಳಿಯಲ್ಲಿ. ಮಕ್ಕಳೆಲ್ಲ ಸರದಿಯಂತೆ ಆಯಾ ಮರದ ಕೆಳಗೆ ಕೂತು ಎರಡು ಚೊಂಬು ನೀರು ಮೈಮೇಲೆ ಹೊಯ್ದುಕೊಳ್ಳಬೇಕು. ಸೀಗೇಪುಡಿಯೋ ಕಡಲೆಹಿಟ್ಟೋ ಮೈಗೆ, ಬೂದಿ ಪಾತ್ರೆಗೆ. ಆ ವರ್ಷ ಹೊಲದಲ್ಲಿ ರಾಗಿ ತೆನೆ ಕಟ್ಟಲಿಲ್ಲ. ಹಿತ್ತಲಿನ ನುಗ್ಗೆಸೊಪ್ಪಿನ ಸಾರು ಮಾತ್ರ ತಪ್ಪಲಿಲ್ಲ. ಆ ಸಾರನ್ನು ನಾನು ಎಷ್ಟು ದ್ವೇಷಿಸುತ್ತಿದ್ದೆನೆಂದರೆ ಅದರ ಬೆಲೆ ತಿಳಿಯಲು ಮದುವೆಯಾಗಿ ಮನೆ ನಡೆಸಬೇಕಾಯಿತು.

ಈಗ ಲೆಕ್ಕಕ್ಕೆ ಬರೋಣ. ನಗರವಾಸಿಗೆ ದಿನಕ್ಕೆ 135 ಲೀಟರು ಬೇಕೆಂಬುದು ಸರ್ಕಾರಿ ಮಾನದಂಡ. ಅದರಲ್ಲಿ ಕುಡಿಯುವುದಕ್ಕೆ 5, ಅಡಿಗೆಗೆ 5. ಸ್ನಾನಕ್ಕೋ 55, ಬಟ್ಟೆಗೆ 20. ಹೊಟ್ಟೆಗೆ ಹೋಗುವುದು ಹತ್ತು, ಚರಂಡಿಗೆ ಹೋಗುವುದು ನೂರಿಪ್ಪತ್ತಕ್ಕೂ ಮೇಲೆ! ಮಧುಗಿರಿಯ ನಮ್ಮ ಮನೆಯಲ್ಲಿ ನಾವು ಮೂವರು ಮುದುಕರು: ನಾನು, ನನ್ನ ಹೆಂಡತಿ, ನನ್ನ ಅಕ್ಕ. 2023ರ ಮುಂಗಾರು ಕೈಕೊಟ್ಟು ಸರ್ಕಾರವು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ನಮ್ಮದೂ ಆ ಪಟ್ಟಿಯಲ್ಲಿತ್ತು. ನಲ್ಲಿಯಲ್ಲಿ ನೀರು ಬರುವ ದಿನಗಳ ನಡುವಿನ ಅಂತರ ಹಿಗ್ಗತೊಡಗಿತು. ನಾವು ತಲೆಗೆ ಒಂದೂವರೆ ಬಕೆಟ್ಟಿನ ಸ್ನಾನಕ್ಕೆ ಇಳಿದೆವು. ಹಾಗಿದ್ದೂ ಸ್ನಾನ, ಬಟ್ಟೆ, ಪಾತ್ರೆ, ಅಕ್ಕಿ-ತರಕಾರಿ ತೊಳೆದದ್ದು ಎಲ್ಲ ಸೇರಿ ದಿನಕ್ಕೆ ನೂರೈವತ್ತು ಲೀಟರಿನಷ್ಟು ಬಳಸಿದ ನೀರು ಹೊರಬೀಳುತ್ತಿತ್ತು. ಮೂರು ತಿಂಗಳಿಗೆ ಹದಿಮೂರೂವರೆ ಸಾವಿರ ಲೀಟರು, ಅಂದರೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರು ತುಂಬಿ ಮಿಗುವಷ್ಟು. ನನ್ನ ಶಿಷ್ಯನಿಗೆ ನನ್ನ ಪ್ರಶ್ನೆ ಇಷ್ಟೇ: ಈ ನೀರನ್ನು ನಾನು ಚರಂಡಿಗೆ ಬಿಟ್ಟಿದ್ದರೆ ಅದು ಬೆಂಗಳೂರಿನ ಯಾವ ಬಾಯಾರಿದವನ ಗಂಟಲಿಗೆ ಇಳಿಯುತ್ತಿತ್ತು?

ಅವನ ನಗರವೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿರುವುದನ್ನು ಅವನು ಮರೆತಂತಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತಗಳ ಶುದ್ಧೀಕರಣವಾಗಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಅಂತರ್ಜಲ ಮರುಪೂರಣಕ್ಕೆಂದು ಹರಿಯುತ್ತಿದೆ. ಎರಡು ಹಂತ ಸಾಲದು, ಮೂರನೆಯದೂ ಬೇಕೆಂದು ಅಲ್ಲಿನವರು ಹೋರಾಡುತ್ತ ಬಂದಿದ್ದಾರೆ. ಆ ಹೋರಾಟ ನ್ಯಾಯವಾದದ್ದೆಂದೇ ನನ್ನ ಭಾವನೆ. ನನ್ನ ಬಚ್ಚಲಿನ ನೀರಿಗೆ ಶೌಚದ ನೀರು ಸೇರುವುದಿಲ್ಲ, ಪಂಪಿನ ವಿದ್ಯುತ್ತು ಬೇಕಿಲ್ಲ, ದಾರಿ ಹನ್ನೆರಡು ಅಡಿ. ಜಿಲ್ಲೆಯಿಂದ ಜಿಲ್ಲೆಗೆ ಹರಿಸಿದರೆ ಯೋಜನೆ, ಬಚ್ಚಲಿನಿಂದ ಪರಂಗಿ ಗಿಡಕ್ಕೆ ಹರಿಸಿದರೆ ಅಪರಾಧವೇ?

ಹಾಗೆಂದು ನೀರು ಸುರಿದುಬಿಟ್ಟರೆ ಗಿಡ ಬದುಕಿತೆಂದು ತಿಳಿಯಬೇಡಿ. ಆ ವರ್ಷ ನಾನು ಕಳೆದುಕೊಂಡದ್ದನ್ನೂ ಹೇಳಬೇಕು. 2024ರ ಜನವರಿಯಲ್ಲಿಯೇ ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸಿದೆ. ಟೊಮೇಟೊ, ಹುರುಳಿಕಾಯಿ ಕಿತ್ತೆ. ಬಾಳೆಯ ಗುಂಪಿನಲ್ಲಿ ಒಂದೇ ಕಂದನ್ನು ಉಳಿಸಿ ಮಿಕ್ಕವನ್ನು ಕಡಿದು, ಆ ನೀರುಂಡ ದಿಂಡುಗಳನ್ನು ಸೀಳಿ ಸೀಬೆಯ ಸುತ್ತ ಹಾಸಿದೆ. ಸೀಬೆಯಲ್ಲಿ ಕಚ್ಚಿದ ಹೀಚನ್ನೆಲ್ಲ ಉದುರಿಸಿದಾಗ ಅಕ್ಕ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ಬರದಲ್ಲಿ ಮರ ಉಳಿದರೆ ಸಾಕು, ಹಣ್ಣು ಮುಂದಿನ ವರ್ಷದ ಮಾತು. ತೆಂಗಿನ ಪಾತಿಯಲ್ಲಿ ಕಾಯಿಯ ಸಿಪ್ಪೆಗಳನ್ನು ಕುಳಿ ಮೇಲುಮುಖವಾಗುವಂತೆ ಹೂತೆ. ಒಂದೊಂದು ಸಿಪ್ಪೆಯೂ ಒಂದೊಂದು ಪುಟ್ಟ ತೊಟ್ಟಿ. ನೆಲ ಕಾಣದಂತೆ ಎಲ್ಲೆಡೆ ತರಗೆಲೆಯ ಹೊದಿಕೆ. ಏಪ್ರಿಲ್ ಮಧ್ಯಾಹ್ನ, ನಮ್ಮ ಏಕಶಿಲಾ ಬೆಟ್ಟ ಕಾದ ಹೆಂಚಿನಂತೆ ಕಾವು ಕಾರುವಾಗ, ಆ ಹೊದಿಕೆಯಡಿ ಕೈಯಿಟ್ಟರೆ ಮಣ್ಣು ತಣ್ಣಗಿರುತ್ತಿತ್ತು. ಮಗನೇ, ನೀನು 'ಕಸ' ಎನ್ನುವುದು ಅದನ್ನೇ.

ಹೀರೆ ಮತ್ತು ಬದನೆಗೆ ಮಡಕೆ ಹೂತಿದ್ದೆ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಳವಿಟ್ಟರೆ ಅದು ತಾನಾಗಿ ಜಿನುಗಿ ಬೇರಿಗೆ ಮುಟ್ಟುತ್ತದೆ. ಇದಕ್ಕೆ ಅಕ್ಕಿ, ತರಕಾರಿ ತೊಳೆದ ನೀರು ಮಾತ್ರ, ಅದೂ ಬಟ್ಟೆಯಲ್ಲಿ ಸೋಸಿ. ಸಾಬೂನಿನ ನೀರು ಹಾಕಿದರೆ ಮಡಕೆಯ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ದಂಟಿನ ಸೊಪ್ಪಿಗೂ ಬಚ್ಚಲ ನೀರು ಸಲ್ಲದು. ತಿನ್ನುವ ಎಲೆಗೆ ಅದು ಸೋಕಬಾರದು. ಗೋರಿಕಾಯಿ ಯಾವ ಉಪಚಾರವನ್ನೂ ಕೇಳದೆ ಕಾಯಿ ಬಿಟ್ಟಿತು. ನುಗ್ಗೆಯಂತೂ ಬರವೆಂಬುದೊಂದಿದೆ ಎಂಬುದನ್ನೇ ಅರಿಯದಂತೆ ಹೂಬಿಟ್ಟಿತು.

ಸತ್ತದ್ದು ನಿಂಬೆ. ಹದಿನಾಲ್ಕು ವರ್ಷದ ಗಿಡ. ಬಟ್ಟೆ ಒಗೆದ ನೀರನ್ನೆಲ್ಲ, ಮೊದಲ ನೊರೆನೀರನ್ನೂ ಸೇರಿಸಿ, ಎರಡು ತಿಂಗಳು ಅದೇ ಬುಡಕ್ಕೆ ಬಿಟ್ಟೆ. ಎಲೆಯ ತುದಿಗಳು ಸುಟ್ಟಂತಾದವು, ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿತು, ನೀರು ಇಂಗದೆ ನಿಲ್ಲತೊಡಗಿತು. ಡಿಟರ್ಜೆಂಟಿನ ಸೋಡಿಯಂ ಮಣ್ಣಿನ ಕಣಗಳನ್ನು ಬಿಗಿಯಾಗಿಸಿ ಬೇರಿನ ಉಸಿರು ಕಟ್ಟಿಸುತ್ತದೆಂದು ನಾನು ಓದಿ ತಿಳಿದುಕೊಳ್ಳುವ ಹೊತ್ತಿಗೆ ಗಿಡ ಹೋಗಿತ್ತು. ಅಮ್ಮನ ಕಾಲದ ಬಚ್ಚಲ ನೀರೂ ನನ್ನ ಕಾಲದ ಬಚ್ಚಲ ನೀರೂ ಒಂದೇ ಎಂದು ನಂಬಿದ್ದು ನನ್ನ ಮೂರ್ಖತನ. ಅಂದಿನಿಂದ ಮೊದಲ ನೊರೆನೀರು ಚರಂಡಿಗೆ, ಜಾಲಿಸಿದ ನೀರು ಮರಗಳಿಗೆ; ಅದೂ ದಿನಕ್ಕೊಂದು ಬುಡಕ್ಕೆ, ಅಮ್ಮನ ಚಪ್ಪಡಿ ಕಲ್ಲಿನ ಸರದಿಯಂತೆ. ಸಂಜೆಯ ನೀರನ್ನು ಬೆಳಗಿನವರೆಗೆ ಇಡುವುದೂ ಇಲ್ಲ. ಇಟ್ಟರೆ ನಾರುತ್ತದೆ, ಸೊಳ್ಳೆಯನ್ನೂ ಕರೆಯುತ್ತದೆ.

ನನ್ನ ಪಕ್ಷದವರೆಂದು ಹೇಳಿಕೊಳ್ಳುವವರ ಮೇಲೂ ನನಗೆ ಸಿಟ್ಟಿದೆ. ಟ್ಯಾಂಕರು ನೀರಿನಲ್ಲಿ ತಾರಸಿಯ ಮೇಲೆ ಸ್ಟ್ರಾಬೆರಿ ಬೆಳೆದು ಚಿತ್ರ ಹಂಚುವವರು, ಸಾವಿರ ಅಡಿಯ ಕೊಳವೆಬಾವಿಗೆ ಹನಿ ನೀರಾವರಿ ಜೋಡಿಸಿ ತಮ್ಮನ್ನು ಪರಿಸರಪ್ರೇಮಿಗಳೆಂದುಕೊಳ್ಳುವವರು. ನಮ್ಮ ಬಂಧುಗಳಲ್ಲೂ ಇದ್ದಾರೆ, ಇದನ್ನು ಓದಿ ಬೇಸರಿಸಿಕೊಳ್ಳಲಿ. ಪಾತಾಳದ ನೀರನ್ನು ಹನಿಹನಿಯಾಗಿ ಖರ್ಚು ಮಾಡಿದರೂ ಅದು ಮುಂದಿನವರ ಗಂಟೇ.

"ಇಪ್ಪತ್ತು ರೂಪಾಯಿಗೆ ಸಂತೆಯಲ್ಲಿ ಸೊಪ್ಪು ಸಿಗುತ್ತದೆ, ಇಷ್ಟೆಲ್ಲ ಪಾಡೇಕೆ" ಎನ್ನುವವರುಂಟು. ಆ ಸೊಪ್ಪು ಇಬ್ಬನಿ ಕುಡಿದು ಬೆಳೆದದ್ದೇನು? ಇನ್ನೊಬ್ಬ ರೈತನ ಕೊಳವೆಬಾವಿಯ ಹೊಸ ನೀರನ್ನು ಕುಡಿದೇ ಅದು ಬಂದಿದೆ. ನಿಮ್ಮ ಹಿತ್ತಲಿನಲ್ಲಿ ನೀರು ಉಳಿಸಿದೆನೆಂದು ನೀವು ಬೀಗುವಾಗ ಆ ನೀರು ಬೇರೊಬ್ಬನ ಜಮೀನಿನಲ್ಲಿ ಖರ್ಚಾಗಿರುತ್ತದೆ, ಅಷ್ಟೆ.

2003-04ರ ಬರದಲ್ಲಿ ನಮ್ಮ ಶಾಲೆಯಲ್ಲಿದ್ದವರಿಗೆ ಇದು ನೆನಪಿರಬೇಕು. ಅಕ್ಷರ ದಾಸೋಹದ ಬಿಸಿಯೂಟ ಆಗ ಹೊಸದಾಗಿ ಬಂದಿತ್ತು. ಇನ್ನೂರರ ಹತ್ತಿರ ಮಕ್ಕಳು ಕೈ, ತಟ್ಟೆ ತೊಳೆದ ನೀರು ಅಂಗಳದಲ್ಲಿ ಕೆಸರಾಗುತ್ತಿತ್ತು. ತಲೆಗೆ ಅರ್ಧ ಲೀಟರೆಂದರೂ ನೂರು ಲೀಟರು. ನೀವೇ ಸಲಿಕೆ ಹಿಡಿದು ಕಾಲುವೆ ತೋಡಿ ಅದನ್ನು ನುಗ್ಗೆ, ಪರಂಗಿ, ಕರಿಬೇವಿನ ಬುಡಕ್ಕೆ ತಿರುಗಿಸಿದಿರಿ. ಬೇಸಿಗೆಯ ಮೊದಲೇ ಆ ಗಿಡಗಳ ಸೊಪ್ಪು ನಿಮ್ಮ ಸಾರಿಗೆ ಬಿತ್ತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಹಸಿರು ಕಂಡವರೇ ಕಾಲುವೆಯನ್ನು ಬಗ್ಗಿಯೂ ನೋಡದೆ, ಬರಗಾಲದಲ್ಲಿ ನೀರಿನ ದುರುಪಯೋಗವೆಂದು ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋದರು. ಹಸಿರು ಕಂಡೊಡನೆ ಅಲ್ಲೆಲ್ಲೋ ನಲ್ಲಿ ತೆರೆದಿದೆಯೆಂದು ಊಹಿಸುವ ಈ ರೋಗ ಅಂದಿನದು. ನನ್ನ ಶಿಷ್ಯನೂ ಆ ಕಾಲುವೆ ತೋಡಿದವರಲ್ಲಿ ಒಬ್ಬ ಎಂಬುದೇ ನನ್ನ ಬೇಸರಕ್ಕೆ ಕಾರಣ.

ಇನ್ನು ಟೈಲ್ಸಿನ ಮಾತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನಮ್ಮ ಮನೆಯ ಮಾಳಿಗೆ ಸಾವಿರ ಚದರಡಿ, ಅಂದರೆ 93 ಚದರ ಮೀಟರು. ವರ್ಷಕ್ಕೆ ಆರುನೂರು ಮಿಲಿಮೀಟರು ಹಿಡಿದರೂ ಐವತ್ತೈದು ಸಾವಿರ ಲೀಟರು ದಾಟುತ್ತದೆ. ಅರ್ಧ ಮಳೆಯ ಬರದ ವರ್ಷದಲ್ಲಿ, ಪೋಲಾದದ್ದನ್ನು ಕಳೆದು, ಇಪ್ಪತ್ತೆರಡು ಸಾವಿರ. ಅದು ಈಗ ಸೋಸುಗುಂಡಿಯ ಮೂಲಕ ಹಳೆಯ ಬಾವಿಗೆ ಇಳಿಯುತ್ತದೆ. ಹಿತ್ತಲ ಮಣ್ಣು ತನ್ನ ಪಾಲನ್ನು ತಾನೇ ಕುಡಿಯುತ್ತದೆ. 2024ರ ಮೇ ತಿಂಗಳ ಮಳೆಗಳಲ್ಲಿ ಬಾವಿಯ ತಳದಲ್ಲಿ ಮೊಣಕಾಲುದ್ದ ನೀರು ನಿಂತಿತು. ಬೇಲಿಯಾಚೆ, ಗೋಡೆಯಿಂದ ಗೋಡೆಗೆ ಸಿಮೆಂಟು ಬಳಿಸಿದ ಅಂಗಳದಿಂದ ಅದೇ ಮಳೆ ಬೀದಿಯ ಮೋರಿಗೆ ಹರಿದುಹೋಯಿತು. ಆ ಮನೆಯವರು ಮರುವಾರವೇ ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಸುವ ಮಾತಾಡುತ್ತಿದ್ದರು. ಬರಗಾಲವನ್ನು ಹಿತ್ತಲು ತಂದಿತೋ ಅಂಗಳ ತಂದಿತೋ, ಮಗನೇ ಹೇಳಲಿ.

ಅವನ ಕಾರಿಗೆ ಬೀದಿಯಲ್ಲಿ ಬೇವಿನ ನೆರಳಿದೆ. ನನ್ನ ಮಂಡಿಗೆ ಮಗ್ಗುಲಲ್ಲಿ ಒಂದು ಮಣೆಯಿದೆ. ಟೈಲ್ಸಿನವನಿಗೆ ಬೇಡವೆಂದು ಫೋನು ಮಾಡಿ ತಿಳಿಸಿಯಾಯಿತು.

ಈ ಸಲ ಸೀಬೆ ಕೈತುಂಬ ಬಿಟ್ಟಿದೆ. ಅಕ್ಕ ನನ್ನೊಡನೆ ಮಾತಾಡುತ್ತಿದ್ದಾಳೆ. ಹಬ್ಬಕ್ಕೆ ಬರುವವರು ಧಾರಾಳವಾಗಿ ಬನ್ನಿ, ಸ್ನಾನವನ್ನೂ ಮಾಡಿ. ಆದರೆ ಶಾಂಪೂ ಪೊಟ್ಟಣಗಳನ್ನು ತರಬೇಡಿ. ಬಚ್ಚಲ ಗೂಡಿನಲ್ಲಿ ಸೀಗೇಪುಡಿಯ ಡಬ್ಬಿ ಇಟ್ಟಿರುತ್ತೇನೆ. ಹೊಸ ನಿಂಬೆ ಸಸಿಗೆ ಈಗಿನ್ನೂ ಒಂದೂವರೆ ಅಡಿ.